ಹಳೆಯದನ್ನು ಮುಟ್ಟದೆ ಹೊಸದಕ್ಕೆ: ಮನೆಯ ಸರ್ವರ್‌ನ ಪೋಸ್ಟ್‌ಗ್ರೆಸ್ ಡೇಟಾಬೇಸ್ ಸಾಗಿಸುವ ಬಗೆ

ಪೋಸ್ಟ್‌ಗ್ರೆಸ್ 13ನೇ ಆವೃತ್ತಿಗೆ 2025ರ ನವೆಂಬರ್‌ನಲ್ಲಿ ಕೊನೆಯ ಪರಿಷ್ಕರಣೆ ಬಂತು. ಇನ್ನು ಅದರಲ್ಲಿ ಭದ್ರತೆಯ ಲೋಪ ಕಂಡರೂ ತಿದ್ದಿ ಕೊಡುವವರಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಸರ್ವರ್‌ನಲ್ಲಿ ವರ್ಷಗಳಿಂದ ಓಡುತ್ತಿದ್ದುದು ಇದೇ 13. ಅದನ್ನು ನಂಬಿಕೊಂಡು ಎರಡು ಕೆಲಸ ನಡೆಯುತ್ತವೆ. ಒಂದು ನೆಕ್ಸ್ಟ್‌ಕ್ಲೌಡ್: ಮನೆಮಂದಿಯ ಫೋಟೋ, ಪಹಣಿ, ಬ್ಯಾಂಕಿನ ಕಾಗದಗಳೆಲ್ಲ ಅದರಲ್ಲಿವೆ. ಇನ್ನೊಂದು ನಾನೇ ಬರೆದ ಅಡಿಕೆ ಲೆಕ್ಕದ ಪುಸ್ತಕ: ಯಾವ ಕೊಯ್ಲಿಗೆ ಎಷ್ಟು ಕೊನೆ, ಎಷ್ಟು ರಾಶಿ, ಎಷ್ಟು ಬೆಟ್ಟೆ, ಮಂಡಿಗೆ ಹೋದ ಚೀಲವೆಷ್ಟು. ಮೊದಲನೆಯದು ಕಳೆದರೆ ಮನೆಯವರೆಲ್ಲ ಬೇಸರಪಡುತ್ತಾರೆ. ಎರಡನೆಯದು ಕಳೆದರೆ ಅಪ್ಪಯ್ಯ ನನ್ನನ್ನು ಮನೆಗೆ ಸೇರಿಸುವುದಿಲ್ಲ.

ಈ ಸಲ ಶಿವರಾತ್ರಿಯ ಹೊತ್ತಿಗೆ ಅದನ್ನು 17ಕ್ಕೆ ಸಾಗಿಸಿದೆ. ನಾನಿರುವುದು ಶಿವಮೊಗ್ಗದಲ್ಲಿ, ಸರ್ವರ್ ಇರುವುದು ಸುಮಾರು ಅರವತ್ತು ಕಿಲೋಮೀಟರ್ ಆಚೆ, ಊರ ಮನೆಯ ಅಟ್ಟದ ಮೆಟ್ಟಿಲ ಪಕ್ಕದ ಗೂಡಿನಲ್ಲಿ. ಹಾಗೆ ದೂರದಿಂದ ಕೆಲಸ ಮಾಡುವವರಿಗೂ, ಪೆಟ್ಟಿಗೆಯ ಮುಂದೆಯೇ ಕುಳಿತವರಿಗೂ ಈ ಕ್ರಮ ಹೊಂದುತ್ತದೆ. ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣಗಳಲ್ಲಿಟ್ಟು ಓಡಿಸುವ ಡಾಕರ್‌ನಲ್ಲಿ ಪೋಸ್ಟ್‌ಗ್ರೆಸ್ ಇದೆ ಎಂದೇ ಇಟ್ಟುಕೊಂಡು ಬರೆದಿದ್ದೇನೆ. ಡೆಬಿಯನ್‌ನಂಥ ಲಿನಕ್ಸ್‌ನಲ್ಲಿ ನೇರವಾಗಿ ಹಾಕಿಕೊಂಡವರಿಗೆ ಕೊನೆಯಲ್ಲಿ ಬೇರೆ ಮಾತಿದೆ. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹೊಡೆಯಬೇಕು. ಪಿಜಿ ಎಂದು ಶುರುವಾಗುವ ಎರಡು ಪದದ ಹೆಸರುಗಳಲ್ಲಿ ಪಿಜಿ ಆದ ಮೇಲೆ ಒಂದು ಅಡಿಗೆರೆ ಬರುತ್ತದೆ.

ಯಾಕೆ ಸುಮ್ಮನೆ ಅಪ್‌ಡೇಟ್ ಒತ್ತಬಾರದು

13.4 ಇದ್ದದ್ದು 13.9 ಆಗುವುದು ಬೇರೆ, 13 ಇದ್ದದ್ದು 17 ಆಗುವುದು ಬೇರೆ. ಚುಕ್ಕೆಯ ನಂತರದ ಅಂಕಿ ಬದಲಾದರೆ ಅದು ತೇಪೆ ಹಾಕಿದ ಹಾಗೆ. ಪ್ರೋಗ್ರಾಂ ಬದಲಿಸಿ ಮತ್ತೆ ಶುರು ಮಾಡಿದರೆ ಸಾಕು. ಚುಕ್ಕೆಯ ಹಿಂದಿನ ಅಂಕಿ ಬದಲಾದರೆ ಡಿಸ್ಕಿನ ಮೇಲೆ ಡೇಟಾ ಬರೆದಿಡುವ ಬಗೆಯೇ ಬದಲಾಗಿರಬಹುದು. 13 ಬರೆದ ಫೋಲ್ಡರನ್ನು 17 ತೆರೆಯುವುದಿಲ್ಲ. ಈ ಲೆಕ್ಕ 2017ರಲ್ಲಿ ಬಂದ 10ನೇ ಆವೃತ್ತಿಯಿಂದ ಈಚಿನದು. ಅದಕ್ಕೂ ಹಿಂದೆ 9.5ರಿಂದ 9.6ಕ್ಕೆ ಹೋಗುವುದೂ ದೊಡ್ಡ ಬದಲಾವಣೆಯೇ ಆಗಿತ್ತು. ಯಾರ ಮನೆಯಲ್ಲಾದರೂ ಇನ್ನೂ 9.6 ಇದ್ದರೆ ಅವರಿಗೂ ಈ ಲೇಖನದ ದಾರಿಯೇ ಸರಿ. ನಡುವಿನ ಆವೃತ್ತಿಗಳಲ್ಲಿ ತಂಗಬೇಕಾಗಿಲ್ಲ.

ಇದು ನನಗೆ ಗೊತ್ತಾದದ್ದು ಓದಿ ಅಲ್ಲ. 2024ರ ಜುಲೈ, ಪುನರ್ವಸು ಮಳೆ ಹಿಡಿದಿತ್ತು. ಶನಿವಾರ ರಾತ್ರಿ ಮಾಡಲು ಬೇರೆ ಕೆಲಸವಿಲ್ಲದೆ ಸರ್ವರ್‌ನ ಎಲ್ಲ ಕಂಟೇನರ್‌ಗಳಿಗೂ ಹೊಸ ಇಮೇಜ್, ಅಂದರೆ ಕಂಟೇನರ್ ಎಬ್ಬಿಸಲು ಬೇಕಾದ ಸಿದ್ಧ ಪ್ರೋಗ್ರಾಂ ಕಟ್ಟು, ಇಳಿಸಿಕೊಂಡೆ. ಯಾವ ಕಂಟೇನರ್ ಹೇಗೆ ಓಡಬೇಕೆಂದು ಬರೆದಿಡುವ ಕಾಂಪೋಸ್ ಫೈಲಿನಲ್ಲಿ ಪೋಸ್ಟ್‌ಗ್ರೆಸ್‌ನ ಮುಂದೆ ಆವೃತ್ತಿಯ ಅಂಕಿ ಬರೆಯದೆ ಲೇಟೆಸ್ಟ್ ಎಂದು ಬರೆದಿಟ್ಟ ಪುಣ್ಯಾತ್ಮ ನಾನೇ. ಆ ಹೊತ್ತಿಗೆ ಲೇಟೆಸ್ಟ್ ಎಂದರೆ 16. ಕಂಟೇನರ್ ಏಳುವುದು, ಬೀಳುವುದು, ಮತ್ತೆ ಏಳುವುದು. ಲಾಗ್ ತೆರೆದರೆ ಒಂದೇ ಮಾತು ಸಾಲುಸಾಲಾಗಿ: ಡೇಟಾಬೇಸ್ ಕಡತಗಳು ಈ ಸರ್ವರ್‌ಗೆ ಹೊಂದುವುದಿಲ್ಲ, ಫೋಲ್ಡರ್ ಸಿದ್ಧವಾದದ್ದು 13ರಲ್ಲಿ, ಇದು 16. ಓದಿದಾಗ ಎದೆ ಧಸಕ್ಕೆಂದಿತು. ಆದರೆ ಈ ಸಂದೇಶ ಒಳ್ಳೆಯದೇ. ಪೋಸ್ಟ್‌ಗ್ರೆಸ್ ಬಾಗಿಲಲ್ಲೇ ನಿಂತು ಒಳಗೆ ಬರುವುದಿಲ್ಲ ಎನ್ನುತ್ತಿದೆ, ಅಷ್ಟೇ, ಯಾವುದನ್ನೂ ಮುಟ್ಟಿಲ್ಲ. ಲೇಟೆಸ್ಟ್ ಅಳಿಸಿ 13 ಎಂದು ಬರೆದು ಮತ್ತೆ ಶುರು ಮಾಡಿದೆ, ಎಲ್ಲವೂ ಮೊದಲಿನಂತೆ ಎದ್ದು ಕುಳಿತಿತ್ತು. ನಿಮಗೂ ಈಗ ಇದೇ ಸಂದೇಶ ಕಾಣುತ್ತಿದ್ದರೆ ಗಾಬರಿಯಲ್ಲಿ ಫೋಲ್ಡರ್ ಅಳಿಸಲು ಹೋಗಬೇಡಿ. ಹಳೆಯ ಅಂಕಿ ಬರೆದು ಎಬ್ಬಿಸಿ, ನಿದ್ದೆ ಮಾಡಿ, ಆಮೇಲೆ ಮುಂದಕ್ಕೆ ಓದಿ.

ಮೂರು ದಾರಿಗಳು, ನಾನು ಹಿಡಿದದ್ದು ಒಂದು

ಡಂಪ್ ತೆಗೆದು, ಅಂದರೆ ಡೇಟಾವನ್ನೆಲ್ಲ ಒಂದು ಕಡತಕ್ಕೆ ಬರೆಸಿಕೊಂಡು, ಹೊಸದರಲ್ಲಿ ತುಂಬುವುದು ಒಂದು ದಾರಿ. ಪಿಜಿ ಅಪ್‌ಗ್ರೇಡ್ ಎಂಬ ಸಾಧನದಿಂದ ಹಳೆಯ ಫೋಲ್ಡರನ್ನೇ ಹೊಸ ರೂಪಕ್ಕೆ ತರುವುದು ಇನ್ನೊಂದು. ಎರಡೂ ಸರ್ವರ್‌ಗಳನ್ನು ಒಟ್ಟಿಗೆ ಓಡಿಸಿ, ಹಳೆಯದರ ಬದಲಾವಣೆಗಳು ಹೊಸದಕ್ಕೆ ಹರಿಯುವಂತೆ ಮಾಡುವುದು ಮೂರನೆಯದು. ಕೊನೆಯದು ಒಂದು ನಿಮಿಷವೂ ನಿಲ್ಲಬಾರದ ದೊಡ್ಡ ಕಚೇರಿಗಳಿಗೆ. ಮನೆಯವರು ಅದರ ತಂಟೆಗೆ ಹೋಗಬೇಕಿಲ್ಲ.

ಪಿಜಿ ಅಪ್‌ಗ್ರೇಡ್ ಬಹಳ ವೇಗ. ಅದರ ಲಿಂಕ್ ವಿಧಾನದಲ್ಲಿ ಕಡತಗಳು ನಕಲಾಗುವುದೇ ಇಲ್ಲ, ಹಳೆಯ ಹೊಸ ಫೋಲ್ಡರ್‌ಗಳೆರಡೂ ಒಂದೇ ಕಡತಗಳನ್ನು ಹಂಚಿಕೊಳ್ಳುತ್ತವೆ. ನೂರಾರು ಜಿಬಿ ಇದ್ದವರಿಗೆ ಅದು ವರ. ಆದರೆ ಹೊಸ ಸರ್ವರ್ ಒಮ್ಮೆ ಶುರುವಾಯಿತೆಂದರೆ ಹಳೆಯದನ್ನು ಮತ್ತೆ ಎಬ್ಬಿಸುವಂತಿಲ್ಲ. ಜೊತೆಗೆ ಹಳೆಯ ಆವೃತ್ತಿಯ ಪ್ರೋಗ್ರಾಂ, ಹೊಸ ಆವೃತ್ತಿಯ ಪ್ರೋಗ್ರಾಂ ಎರಡೂ ಒಂದೇ ಕಡೆ ಇರಬೇಕು. ಡಾಕರ್‌ನ ಅಧಿಕೃತ ಇಮೇಜ್‌ಗಳಲ್ಲಿ ಒಂದೊಂದೇ ಇರುತ್ತದೆ. ನಮ್ಮ ಡೇಟಾಬೇಸ್ ಮೂರು ಜಿಬಿ ದಾಟಿಲ್ಲ. ಅಷ್ಟಕ್ಕೆ ವೇಗದ ಆಸೆ ಬೇಡ.

ಡಂಪ್ ದಾರಿಯನ್ನು ನಾನು ಇಷ್ಟಪಡಲು ಮುಖ್ಯ ಕಾರಣ ನಮ್ಮ ಕರೆಂಟು. ಡಂಪ್ ತೆಗೆಯುವಾಗ ಕರೆಂಟು ಹೋದರೆ ಹಾಳಾಗುವುದು ಅರ್ಧ ಬರೆದ ಡಂಪ್ ಕಡತ ಮಾತ್ರ. ಹೊಸದರಲ್ಲಿ ತುಂಬುವಾಗ ಹೋದರೆ ಹಾಳಾಗುವುದು ಅರ್ಧ ತುಂಬಿದ ಹೊಸ ಡೇಟಾಬೇಸ್ ಮಾತ್ರ; ಅಳಿಸಿ ಮತ್ತೆ ತುಂಬಿದರಾಯಿತು. ಎರಡು ಹೊತ್ತಿನಲ್ಲೂ ಹಳೆಯ ಫೋಲ್ಡರ್ ತನ್ನ ಪಾಡಿಗೆ ತಾನಿರುತ್ತದೆ. ಅಪ್ಪಯ್ಯನಿಗೆ ಇದನ್ನು ವಿವರಿಸಿದಾಗ, “ಎಡೆಸಸಿ ನೆಟ್ಟ ಹಾಗೆ ಅನ್ನು” ಎಂದರು. ಸಸಿ ಹಿಂಗಾರ ಬಿಡುವವರೆಗೆ ಪಕ್ಕದ ಮುದಿ ಮರವನ್ನು ಯಾರೂ ಕಡಿಯುವುದಿಲ್ಲವಲ್ಲ, ಹಾಗೆ.

ಮುಂಚಿನ ದಿನ ಮಾಡಿಕೊಳ್ಳಬೇಕಾದ್ದು

ಕಾಲ ನೋಡಿ ಕೈಹಾಕಿ. ಮಳೆಗಾಲದಲ್ಲಿ ಬೇಡ, ಗಾಳಿಗೆ ಮರದ ಕೊಂಬೆ ಬಿದ್ದು ಫೈಬರ್ ತುಂಡಾದರೆ ನೀವು ಶಿವಮೊಗ್ಗದಲ್ಲಿ, ಅರ್ಧ ಸಾಗಿದ ಡೇಟಾಬೇಸ್ ಊರಿನಲ್ಲಿ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳೂ ಬೇಡ. ಕೊಯ್ಲು ಮುಗಿದು ಮಳೆ ಇನ್ನೂ ದೂರವಿರುವ ಫೆಬ್ರವರಿ ನಮಗೆ ಅನುಕೂಲ. ಯುಪಿಎಸ್ ಇದ್ದರೆ ಅದರ ಬ್ಯಾಟರಿ ಎಷ್ಟು ಹೊತ್ತು ತಾಳುತ್ತದೆಂದು ಒಮ್ಮೆ ಪ್ಲಗ್ ಕಿತ್ತು ನೋಡಿ. ಹಳೆಯ ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿಕೊಂಡವರಿಗೆ ಅದರ ಬ್ಯಾಟರಿಯೇ ಯುಪಿಎಸ್, ಅದು ಇನ್ನೂ ಬದುಕಿದ್ದರೆ.

ಹೊಸ ಇಮೇಜನ್ನು ಹಿಂದಿನ ದಿನವೇ ಇಳಿಸಿಟ್ಟುಕೊಳ್ಳಿ. ಹಾಗೆ ಮಾಡಿದರೆ ಕೆಲಸದ ಹೊತ್ತಿನಲ್ಲಿ ಇಂಟರ್ನೆಟ್ಟಿನ ಮುಲಾಜು ಇರುವುದಿಲ್ಲ. ದೂರದಿಂದ ಕೆಲಸ ಮಾಡುವವರು ಟಿಮಕ್ಸ್ ಎಂಬ ಟರ್ಮಿನಲ್ ಸಾಧನದ ಒಳಗೆ ಕುಳಿತುಕೊಳ್ಳಿ. ಸಂಪರ್ಕ ಕಡಿದರೂ ಅಲ್ಲಿ ಓಡುತ್ತಿರುವುದು ಓಡುತ್ತಲೇ ಇರುತ್ತದೆ.

ಈಗ ಇರುವ ಆವೃತ್ತಿ ಯಾವುದು ಎಂದು ಸರ್ವರ್‌ನನ್ನೇ ಕೇಳಿ. ಸರ್ವರ್‌ನೊಡನೆ ಮಾತಾಡುವ ಪ್ರೋಗ್ರಾಂ ಆದ ಪಿಎಸ್‌ಕ್ಯೂಎಲ್ ಒಳಗೆ ಹೋಗಿ ‘ಶೋ ಸರ್ವರ್_ವರ್ಷನ್’ ಎಂದು ಕೊಟ್ಟರೆ ಹೇಳುತ್ತದೆ. ಹೊರಗಿನಿಂದ ಪಿಎಸ್‌ಕ್ಯೂಎಲ್‌ನ ಆವೃತ್ತಿ ಕೇಳಿದರೆ ಬರುವ ಉತ್ತರ ಕೇಳುವವನದು, ಸರ್ವರ್‌ನದಲ್ಲ. ಸರ್ವರ್ ಏಳುತ್ತಲೇ ಇಲ್ಲದಿದ್ದರೆ ಡೇಟಾ ಫೋಲ್ಡರಿನಲ್ಲಿ ಪಿಜಿ_ವರ್ಷನ್ ಎಂಬ ಪುಟ್ಟ ಕಡತವಿದೆ. ಅದರಲ್ಲಿರುವುದು ಆ ಒಂದು ಅಂಕಿ ಮಾತ್ರ. ಈ ಕಡತದ ಹೆಸರಷ್ಟೇ ದೊಡ್ಡಕ್ಷರದಲ್ಲಿರುತ್ತದೆ.

ಅದೇ ಪಿಎಸ್‌ಕ್ಯೂಎಲ್‌ನಲ್ಲಿ ಹಿಂಬದಿ ಓರೆಗೆರೆ, ಡಿಎಕ್ಸ್ ಎಂದು ಹೊಡೆದರೆ ಎಕ್ಸ್‌ಟೆನ್ಷನ್‌ಗಳ, ಅಂದರೆ ಹೆಚ್ಚುವರಿಯಾಗಿ ಜೋಡಿಸಿಕೊಂಡ ಸೌಲಭ್ಯಗಳ, ಪಟ್ಟಿ ಬರುತ್ತದೆ. ಪೋಸ್ಟ್‌ಜಿಐಎಸ್, ಪಿಜಿವೆಕ್ಟರ್‌ನಂಥವು ಅಲ್ಲಿ ಕಂಡರೆ, ಹೊಸ ಇಮೇಜ್‌ನಲ್ಲೂ ಅವು ಇರಲೇಬೇಕು. ಬರೀ ಪೋಸ್ಟ್‌ಗ್ರೆಸ್ ಇಮೇಜ್ ಸಾಲದು. ಫೋಟೋ ಹುಡುಕುವ ಇಮಿಚ್‌ನಂಥ ಅಪ್ಲಿಕೇಶನ್ ಇಟ್ಟುಕೊಂಡವರು ಅದರವರೇ ಹೇಳಿದ ಇಮೇಜನ್ನು ಬಿಟ್ಟು ಬೇರೆ ಬಳಸಬೇಡಿ. ನೆಕ್ಸ್ಟ್‌ಕ್ಲೌಡ್ ಆದರೂ, ನೀವು ಓಡಿಸುತ್ತಿರುವ ಆವೃತ್ತಿ ಯಾವ ಪೋಸ್ಟ್‌ಗ್ರೆಸ್‌ವರೆಗೆ ಒಪ್ಪುತ್ತದೆ ಎಂದು ಅದರ ಕೈಪಿಡಿಯಲ್ಲಿ ನೋಡಿಕೊಂಡೇ ಮುಂದುವರಿಯಿರಿ.

ನಾನು 18 ಬಿಟ್ಟು 17 ಹಿಡಿದದ್ದೇಕೆ ಎಂದು ಕೇಳುವವರಿದ್ದಾರೆ. 17 ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ಒಂದು ವರ್ಷಕ್ಕೂ ಮೇಲೆ ತೇಪೆಗಳು ಬಿದ್ದು ಗಟ್ಟಿಯಾಗಿದೆ. ಪ್ರತಿ ಆವೃತ್ತಿಗೂ ಐದು ವರ್ಷದ ಬೆಂಬಲವಾದ್ದರಿಂದ 2029ರ ನವೆಂಬರ್‌ವರೆಗೆ ಚಿಂತೆಯಿಲ್ಲ. ಹೊಸ ರುಚಿಯನ್ನು ಪಕ್ಕದವರು ಮೊದಲು ನೋಡಲಿ ಎಂಬ ಜಾತಿಯವನು ನಾನು. 18ಕ್ಕೇ ಹೋಗುವವರು ಒಂದು ಸಂಗತಿ ನೆನಪಿಡಿ: ಅದರ ಡಾಕರ್ ಇಮೇಜ್‌ನಲ್ಲಿ ಡೇಟಾ ಕೂರುವ ಜಾಗ ಬದಲಾಗಿದೆ. ಹಿಂದೆ ‘ಪೋಸ್ಟ್‌ಗ್ರೆಎಸ್‌ಕ್ಯೂಎಲ್’ ಫೋಲ್ಡರಿನೊಳಗಿನ ‘ಡೇಟಾ’ಗೆ ನಿಮ್ಮ ಫೋಲ್ಡರ್ ಜೋಡಿಸುತ್ತಿದ್ದಿರಿ; 18ರಲ್ಲಿ ಒಂದು ಮೆಟ್ಟಿಲು ಹೊರಗೆ, ‘ಪೋಸ್ಟ್‌ಗ್ರೆಎಸ್‌ಕ್ಯೂಎಲ್’ಗೇ ಜೋಡಿಸಬೇಕು.

ಕೊನೆಯದಾಗಿ ಜಾಗ. ಡಂಪ್‌ಗೆ ಜಾಗ ಬೇಕು, ಹೊಸ ಡೇಟಾ ಫೋಲ್ಡರ್‌ಗೆ ಜಾಗ ಬೇಕು, ಹಳೆಯದು ಹೇಗೂ ಅಲ್ಲೇ ಇರುತ್ತದೆ. ಈಗಿನ ಡೇಟಾಬೇಸಿನ ಗಾತ್ರದ ಮೂರು ಪಟ್ಟು ಖಾಲಿ ಇದ್ದರೆ ನನಗೆ ಸಮಾಧಾನ.

ಕೆಲಸದ ದಿನ: ಅಪ್ಲಿಕೇಶನ್ ನಿಲ್ಲಿಸಿ, ಡೇಟಾಬೇಸ್ ಅಲ್ಲ

ಹೊಸಬರು ಇಲ್ಲಿ ಎಡವುತ್ತಾರೆ. ಡಂಪ್ ತೆಗೆಯಲು ಹಳೆಯ ಡೇಟಾಬೇಸ್ ಎಚ್ಚರವಾಗಿರಬೇಕು. ನಿಲ್ಲಬೇಕಾದ್ದು ಅದಕ್ಕೆ ಬರೆಯುವವರು. ನೆಕ್ಸ್ಟ್‌ಕ್ಲೌಡನ್ನು ಮೊದಲು ಮೇಂಟೆನೆನ್ಸ್ ಸ್ಥಿತಿಗೆ ತನ್ನಿ, ಆಮೇಲೆ ಅದರ ಕಂಟೇನರ್ ನಿಲ್ಲಿಸಿ. ಹಿನ್ನೆಲೆಯಲ್ಲಿ ಕ್ರಾನ್‌ಗೆಂದು, ಅಂದರೆ ಹೊತ್ತುಹೊತ್ತಿಗೆ ತಾನಾಗಿ ಓಡುವ ಕೆಲಸಗಳಿಗೆಂದು, ಪ್ರತ್ಯೇಕ ಕಂಟೇನರ್ ಇದ್ದರೆ ಅದನ್ನೂ ನಿಲ್ಲಿಸಿ. ಸದ್ದಿಲ್ಲದೆ ಐದು ನಿಮಿಷಕ್ಕೊಮ್ಮೆ ಬರೆಯುವುದು ಅದೇ. ನನ್ನ ಅಡಿಕೆ ಲೆಕ್ಕವನ್ನೂ ನಿಲ್ಲಿಸಿದೆ. ಮನೆಗೆ ಫೋನ್ ಮಾಡಿ, “ಅಪ್ಪಯ್ಯ, ಇವತ್ತು ಮಧ್ಯಾಹ್ನದವರೆಗೆ ಲೆಕ್ಕ ಬರೆಯಬೇಡಿ” ಎಂದೆ. “ನೋಟ್ ಪುಸ್ತಕ ಎಲ್ಲೂ ಹೋಗಿಲ್ಲ ಮಾರಾಯ” ಎಂಬ ಉತ್ತರ ಬಂತು.

ಮುಂದೆ ಹೋಗುವ ಮೊದಲು ಲೆಕ್ಕ ಹಿಡಿಯಿರಿ. ಮುಖ್ಯವಾದ ನಾಲ್ಕೈದು ಟೇಬಲ್‌ಗಳಲ್ಲಿ ಎಷ್ಟು ಸಾಲುಗಳಿವೆ ಎಂದು ‘ಸೆಲೆಕ್ಟ್ ಕೌಂಟ್’ ಕೊಟ್ಟು ಎಣಿಸಿ, ಕಾಗದದ ಮೇಲೆ ಬರೆದಿಡಿ. ಪೋಸ್ಟ್‌ಗ್ರೆಸ್ ತಾನೇ ಇಟ್ಟುಕೊಳ್ಳುವ ಅಂದಾಜಿನ ಅಂಕಿಗಳನ್ನು ಇದಕ್ಕೆ ನೆಚ್ಚಬೇಡಿ. ನಮ್ಮ ಕೊಯ್ಲಿನ ಟೇಬಲ್‌ನಲ್ಲಿ 11,482 ಸಾಲುಗಳಿದ್ದವು; ಆ ಚೀಟಿ ಇನ್ನೂ ಮೇಜಿನ ಮೇಲಿದೆ.

ಹೊಸ ಕಂಟೇನರ್ ಪಕ್ಕದಲ್ಲೇ ಏಳಲಿ

ಕಾಂಪೋಸ್ ಫೈಲಿನಲ್ಲಿ ಹಳೆಯ ಡಿಬಿ ಸೇವೆಯನ್ನು ಹಾಗೇ ಬಿಟ್ಟು, ಅದರ ಕೆಳಗೆ ಡಿಬಿ17 ಎಂಬ ಹೊಸ ಸೇವೆ ಬರೆಯಿರಿ. ಇಮೇಜ್ ಪೋಸ್ಟ್‌ಗ್ರೆಸ್ 17, ಅಂಕಿ ಕಡ್ಡಾಯ. ಡೇಟಾಕ್ಕೆ ಹೊಚ್ಚಹೊಸ ಖಾಲಿ ಫೋಲ್ಡರ್. ಜೊತೆಗೆ ಡಂಪ್ ಇಡಲು ಇನ್ನೊಂದು ಫೋಲ್ಡರನ್ನೂ ಇದಕ್ಕೆ ಜೋಡಿಸಿ. ಎರಡೂ ಒಂದೇ ಡಾಕರ್ ಜಾಲದಲ್ಲಿರುವುದರಿಂದ ಹೊಸದು ಹಳೆಯದನ್ನು ಡಿಬಿ ಎಂಬ ಹೆಸರಿನಿಂದಲೇ ಕರೆಯಬಲ್ಲದು.

ಹೀಗೆ ಮಾಡುವುದಕ್ಕೆ ಕಾರಣವಿದೆ. ಡಂಪ್ ತೆಗೆಯಲು ಹೊಸ ಆವೃತ್ತಿಯ ಪಿಜಿ ಡಂಪ್ ಬಳಸಬೇಕೆಂದು ಪೋಸ್ಟ್‌ಗ್ರೆಸ್‌ನ ಕೈಪಿಡಿಯೇ ಹೇಳುತ್ತದೆ; ಹಳೆಯದರ ಮಾತು ಹೊಸದಕ್ಕೆ ತಿಳಿಯುತ್ತದೆ, ಹೊಸದರ ಮಾತು ಹಳೆಯದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಹೊಸ ಕಂಟೇನರ್‌ನ ಒಳಗೆ ಹೋಗಿ, ಅಲ್ಲಿಂದ ಹಳೆಯದಕ್ಕೆ ಕೈಚಾಚುವುದು.

ಮೊದಲು ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್‌ಗಳು. ಇವು ಯಾವ ಒಂದು ಡೇಟಾಬೇಸಿಗೂ ಸೇರಿದವಲ್ಲ, ಪಿಜಿ ಡಂಪ್‌ನಲ್ಲಿ ಬರುವುದಿಲ್ಲ. ಪಿಜಿ ಡಂಪ್‌ಆಲ್‌ಗೆ ‘ಗ್ಲೋಬಲ್ಸ್ ಓನ್ಲಿ’ ಎಂಬ ಆಯ್ಕೆ ಕೊಟ್ಟು ಒಂದು ಪುಟ್ಟ ಕಡತಕ್ಕೆ ಬರೆಸಿ. ಆಮೇಲೆ ಒಂದೊಂದು ಡೇಟಾಬೇಸನ್ನೂ ಪಿಜಿ ಡಂಪ್‌ನಿಂದ ಕಸ್ಟಮ್ ರೂಪದಲ್ಲಿ ತೆಗೆಯಿರಿ. ದೊಡ್ಡಕ್ಷರದ ಎಫ್, ಸಣ್ಣಕ್ಷರದ ಸಿ ಅದರ ಗುರುತು. ಈ ರೂಪದ ಕಡತ ಸಂಕುಚಿತವಾಗಿರುತ್ತದೆ. ನಮ್ಮ ಮೂರು ಜಿಬಿ ಅರ್ಧ ಜಿಬಿಗೂ ಕಡಿಮೆಯಾಯಿತು.

ಕಡತದ ಹೆಸರನ್ನು ಸಣ್ಣಕ್ಷರದ ಎಫ್ ಆಯ್ಕೆಯಿಂದಲೇ ಕೊಡಿ. ಹೊರಗಿನಿಂದ ಡಾಕರ್ ಎಕ್ಸೆಕ್ ಮೂಲಕ ಓಡಿಸಿ ಬಾಣದ ಗುರುತಿನಿಂದ ಕಡತಕ್ಕೆ ಹರಿಸುವವರು ಜಾಗ್ರತೆ. ನಡುವೆ ಟರ್ಮಿನಲ್ ಕಟ್ಟಿಕೊಂಡಿದ್ದರೆ ಅದು ಸಾಲಿನ ಕೊನೆಯ ಗುರುತುಗಳನ್ನು ತಿದ್ದುತ್ತದೆ, ಕಸ್ಟಮ್ ರೂಪದ ಡಂಪ್ ಕೆಟ್ಟುಹೋಗುತ್ತದೆ. ಡಾಕರ್ ಕಾಂಪೋಸ್ ಎಕ್ಸೆಕ್ ಕೇಳದೆಯೇ ಟರ್ಮಿನಲ್ ಕಟ್ಟುತ್ತದೆ. ದೊಡ್ಡಕ್ಷರದ ಟಿ ಕೊಟ್ಟು ಬೇಡವೆನ್ನಬೇಕು.

ಡಂಪ್ ನಂಬುವ ಮೊದಲು

ಡಂಪ್ ಓಡುತ್ತಿದ್ದ ನಡುವೆಯೇ ನನ್ನ ಪರದೆ ಕಲ್ಲಾಯಿತು. ಮನೆಗೆ ಫೋನ್ ಮಾಡಿದೆ.

“ಅಪ್ಪಯ್ಯ, ಅಟ್ಟದ ಹತ್ತಿರದ ಪೆಟ್ಟಿಗೆಯ ದೀಪ ಮಿಣುಕುತ್ತಿದೆಯಾ?”

“ಮಿಣುಕುತ್ತಿದೆ. ಅದರ ಪಕ್ಕದ ಇಂಟರ್ನೆಟ್ಟಿನ ಡಬ್ಬಿಯಲ್ಲಿ ಮಾತ್ರ ಕೆಂಪು ಬಂದಿದೆ. ಕರೆಂಟು ಹೋಗಿ ಬಂತು ನೋಡು.”

ಸರ್ವರ್ ಯುಪಿಎಸ್‌ನಲ್ಲಿತ್ತು, ರೌಟರ್ ಇರಲಿಲ್ಲ. ಹತ್ತು ನಿಮಿಷದ ಮೇಲೆ ಸಂಪರ್ಕ ಬಂದಾಗ ಟಿಮಕ್ಸ್ ಒಳಗೆ ಡಂಪ್ ಮುಗಿದು ಕುಳಿತಿತ್ತು. ರೌಟರನ್ನೂ ಯುಪಿಎಸ್‌ಗೆ ಚುಚ್ಚಿ ಎಂಬುದು ಮೇಲಿನ ಪಟ್ಟಿಯಲ್ಲಿ ಇರಬೇಕಾಗಿದ್ದ ಮಾತು.

ಮುಗಿದಂತೆ ಕಂಡರೂ ಪರೀಕ್ಷಿಸದೆ ಬಿಡಬೇಡಿ. ಪಿಜಿ ರಿಸ್ಟೋರ್‌ಗೆ ‘ಲಿಸ್ಟ್’ ಆಯ್ಕೆ ಕೊಟ್ಟು ಡಂಪ್ ಕಡತ ತೋರಿಸಿದರೆ ಒಳಗಿರುವ ಟೇಬಲ್‌ಗಳ ಪಟ್ಟಿ ಓದಿ ಹೇಳುತ್ತದೆ. ಪಟ್ಟಿ ಕಡತದ ತಲೆಯಲ್ಲಿರುವುದರಿಂದ ಬಾಲ ತುಂಡಾಗಿದ್ದರೂ ಅದು ಸರಿಯಾಗಿಯೇ ಕಾಣಬಹುದು. ಪೂರ್ತಿ ಪರೀಕ್ಷೆ ಎಂದರೆ ತುಂಬಿ ನೋಡುವುದೇ. ಸಾದಾ ಪಠ್ಯದ ಡಂಪ್ ತೆಗೆದವರು ಕಡತದ ಕೊನೆಯ ಸಾಲುಗಳನ್ನು ನೋಡಿ. ಡಂಪ್ ಪೂರ್ಣಗೊಂಡಿತು ಎಂಬ ಟಿಪ್ಪಣಿ ಅಲ್ಲಿ ಇಲ್ಲದಿದ್ದರೆ ಅದು ಅರ್ಧದ್ದು.

ಒಂದು ಪ್ರತಿ ಬೇರೆ ಡಿಸ್ಕಿಗೆ ಹೋಗಲಿ. ಪೆನ್‌ಡ್ರೈವ್‌ಗೆ ಹಾಕುವವರಿಗೆ ಒಂದು ಮಾತು: ಬಹಳಷ್ಟು ಪೆನ್‌ಡ್ರೈವ್‌ಗಳು ಫ್ಯಾಟ್32 ರೂಪದಲ್ಲಿ ಬರುತ್ತವೆ, ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಕಡತ ಹಿಡಿಯುವುದಿಲ್ಲ.

ತುಂಬುವುದು

ಹೊಸದಕ್ಕೆ ಮೊದಲು ಗ್ಲೋಬಲ್ಸ್ ಕಡತವನ್ನು ಪಿಎಸ್‌ಕ್ಯೂಎಲ್ ಮೂಲಕ ಕೊಡಿ. ‘ಪೋಸ್ಟ್‌ಗ್ರೆಸ್’ ಎಂಬ ರೋಲ್ (ಬಳಕೆದಾರ) ಆಗಲೇ ಇದೆ ಎಂದು ಒಂದು ದೋಷ ಬರುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಖಾಲಿ ಸರ್ವರ್‌ನಲ್ಲೂ ಆ ರೋಲ್ ಇದ್ದೇ ಇರುತ್ತದೆ. ಬೇರೆ ಯಾವ ದೋಷ ಬಂದರೂ ನಿಂತು ಓದಿ.

ನಂತರ ಒಂದೊಂದು ಡೇಟಾಬೇಸಿಗೂ ಪಿಜಿ ರಿಸ್ಟೋರ್. ‘ಕ್ರಿಯೇಟ್’ ಆಯ್ಕೆ ಕೊಟ್ಟರೆ ಹಳೆಯದರಲ್ಲಿದ್ದ ಹೆಸರು, ಎನ್‌ಕೋಡಿಂಗ್, ಲೊಕೇಲ್‌ನೊಂದಿಗೇ ಡೇಟಾಬೇಸ್ ಹುಟ್ಟುತ್ತದೆ. ‘ಎಕ್ಸಿಟ್ ಆನ್ ಎರರ್’ ತಪ್ಪದೆ ಕೊಡಿ. ಅದಿಲ್ಲದಿದ್ದರೆ ನಡುವೆ ದೋಷ ಬಂದರೂ ಮುಂದಕ್ಕೆ ಓಡಿ, ಕೊನೆಯಲ್ಲಿ ಇಷ್ಟು ದೋಷ ಬಿಟ್ಟುಬಿಟ್ಟೆ ಎಂದು ಒಂದು ಸಾಲು ಗೊಣಗಿ ಮುಗಿಸುತ್ತದೆ. ನಿಂತರೆ ಕಾರಣ ತಿಳಿಯಿರಿ, ಅರ್ಧ ತುಂಬಿದ್ದನ್ನು ಅಳಿಸಿ, ಮತ್ತೆ ಮೊದಲಿನಿಂದ. ನನಗೆ ಇದು ಎಂಟು ನಿಮಿಷದ ಕೆಲಸವಾಯಿತು.

ತುಂಬಿದ ಕೂಡಲೇ ‘ವ್ಯಾಕ್ಯೂಮ್‌ಡಿಬಿ’ಯನ್ನು ಎಲ್ಲ ಡೇಟಾಬೇಸ್‌ಗಳ ಮೇಲೂ ಅನಲೈಜ್ ಆಯ್ಕೆಯೊಂದಿಗೆ ಓಡಿಸಿ. ಯಾವ ಟೇಬಲ್‌ನಲ್ಲಿ ಎಂಥ ಡೇಟಾ ಎಷ್ಟಿದೆ ಎಂಬ ಅಂದಾಜು ನಾವು ತೆಗೆದ ಡಂಪ್‌ನಲ್ಲಿ ಬಂದಿರುವುದಿಲ್ಲ. ಅಂದಾಜಿಲ್ಲದ ಪೋಸ್ಟ್‌ಗ್ರೆಸ್ ಹೊಸ ಊರಿಗೆ ಬಂದ ಅಂಚೆಯವನಂತೆ ಮನೆಮನೆ ತಟ್ಟುತ್ತದೆ. ಇದನ್ನು ಬಿಟ್ಟರೂ ಅದು ತಾನಾಗಿ ಕಲಿಯುತ್ತದೆ, ಆದರೆ ಅಷ್ಟರಲ್ಲಿ ಹೊಸ ಆವೃತ್ತಿ ನಿಧಾನ ಎಂದು ನೀವೇ ದೂರತೊಡಗಿರುತ್ತೀರಿ.

ಮೂರು ಪರೀಕ್ಷೆಗಳು

ಎಣಿಕೆ ಸುಲಭದ್ದು. ಚೀಟಿ ತೆಗೆದು ಅದೇ ಟೇಬಲ್‌ಗಳನ್ನು ಹೊಸದರಲ್ಲಿ ಎಣಿಸಿ. 11,482.

ಎರಡನೆಯದು ಅಕಾರಾದಿ ಕ್ರಮ. ಕನ್ನಡದಲ್ಲಿ ಡೇಟಾ ಇರುವವರು ಇದನ್ನು ನೋಡಲೇಬೇಕು. ಊರುಗಳ ಹೆಸರನ್ನು ಕ್ರಮವಾಗಿ ಕೊಡು ಎಂದು ಹಳೆಯದನ್ನೂ ಹೊಸದನ್ನೂ ಕೇಳಿ, ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಡಿ. ನಮ್ಮ ನಿಘಂಟುಗಳಲ್ಲಿ ಮೊದಲು ಕವಲೇದುರ್ಗ, ಆಮೇಲೆ ಕಳಸ, ಏಕೆಂದರೆ ವರ್ಣಮಾಲೆಯಲ್ಲಿ ‘ಳ’ ಇರುವುದು ‘ಹ’ ಆದ ಮೇಲೆ. ಆದರೆ ಯೂನಿಕೋಡ್ ಪಟ್ಟಿಯಲ್ಲಿ ‘ಳ’ವನ್ನು ‘ಲ’ದ ಬೆನ್ನಿಗೇ, ‘ವ’ಕ್ಕಿಂತ ಮೊದಲು ಕೂರಿಸಿದ್ದಾರೆ. ಸಂಕೇತಗಳ ಕ್ರಮವನ್ನೇ ಹಿಡಿಯುವ ಡೇಟಾಬೇಸ್‌ನಲ್ಲಿ ಕಳಸ ಮೊದಲು, ಕವಲೇದುರ್ಗ ಆಮೇಲೆ. ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ನ ಆಧಾರದ ಇಮೇಜ್‌ಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೇ. ಅದರ ತಳದ ಸಿ ಲೈಬ್ರರಿಗೆ ಭಾಷೆಯ ಕ್ರಮ ಗೊತ್ತಿಲ್ಲ. ನೀವು ಆಲ್ಪೈನ್‌ನಿಂದ ಡೆಬಿಯನ್ ಆಧಾರದ್ದಕ್ಕೆ ಬಂದಿದ್ದರೆ ಕ್ರಮ ಬದಲಾಗಿರಬಹುದು.

ಕ್ರಮ ಬದಲಾದರೆ ಪಟ್ಟಿ ಹಿಂದುಮುಂದಾಗುವುದಷ್ಟೇ ಅಲ್ಲ. ಇಂಡೆಕ್ಸ್ ಎಂಬುದು ಕ್ರಮವನ್ನು ನಂಬಿಯೇ ಹುಡುಕುತ್ತದೆ. ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸನ್ನು ಹೊಸ ಕ್ರಮದಲ್ಲಿ ಓದಿದರೆ ಇರುವ ಹೆಸರೂ ಇಲ್ಲವೆಂದು ಬರುತ್ತದೆ. ಡೆಬಿಯನ್‌ನಂಥವುಗಳ ತಳದ ಸಿ ಲೈಬ್ರರಿಯಾದ ಜಿಲಿಬ್‌ಸಿ, 2018ರಲ್ಲಿ ಬಂದ ತನ್ನ 2.28ನೇ ಆವೃತ್ತಿಯಲ್ಲಿ ಪದಗಳ ಕ್ರಮವನ್ನು ದೊಡ್ಡದಾಗಿ ಬದಲಿಸಿದಾಗ ಲಿನಕ್ಸ್ ಹೊಸದು ಮಾಡಿಕೊಂಡ ಎಷ್ಟೋ ಮಂದಿ ಇದರಲ್ಲಿ ಸಿಕ್ಕಿಬಿದ್ದರು. ಡಂಪ್ ದಾರಿಯಲ್ಲಿ ಇಂಡೆಕ್ಸ್‌ಗಳೆಲ್ಲ ಹೊಸದಾಗಿಯೇ ಕಟ್ಟಲ್ಪಡುವುದರಿಂದ ನಮಗೆ ಆ ಭಯವಿಲ್ಲ. ಪಿಜಿ ಅಪ್‌ಗ್ರೇಡ್ ದಾರಿ ಹಿಡಿದು, ಜೊತೆಗೆ ತಳದ ಲಿನಕ್ಸನ್ನೂ ಬದಲಿಸಿದವರು ‘ರೀಇಂಡೆಕ್ಸ್’ ಮಾಡದೆ ಬಿಡಬಾರದು.

ಮೂರನೆಯದು ಲಾಗಿನ್. ನಾನು ಅರ್ಧ ಗಂಟೆ ಕಳೆದುಕೊಂಡದ್ದು ಇದರಲ್ಲೇ. 13ರಲ್ಲಿ ಪಾಸ್‌ವರ್ಡ್‌ಗಳನ್ನು ಎಂಡಿ5 ರೂಪದಲ್ಲಿ ಇಡುವುದು ವಾಡಿಕೆ. 14ರಿಂದ ಅದು ಸ್ಕ್ರಾಮ್ ಎಂಬ ಗಟ್ಟಿ ರೂಪಕ್ಕೆ ಬದಲಾಗಿದೆ. ಗ್ಲೋಬಲ್ಸ್ ಕಡತ ಹಳೆಯ ಎಂಡಿ5 ರೂಪವನ್ನೇ ಹೊತ್ತು ತರುತ್ತದೆ, ಹೊಸ ಕಂಟೇನರ್ ಸ್ಕ್ರಾಮ್ ಅಲ್ಲದ್ದನ್ನು ಒಪ್ಪುವುದಿಲ್ಲ. ಪಾಸ್‌ವರ್ಡ್ ಅಕ್ಷರಶಃ ಸರಿಯಿದ್ದರೂ ತಪ್ಪೆಂದು ಹೇಳುತ್ತದೆ. ಇನ್ನೂ ಚೆಂದವೆಂದರೆ, ಹೊಸದಕ್ಕೆಂದು ನೀವು ಕೊಟ್ಟ ಪೋಸ್ಟ್‌ಗ್ರೆಸ್ ಬಳಕೆದಾರನ ಪಾಸ್‌ವರ್ಡನ್ನೂ ಆ ಕಡತ ಹಳೆಯದರಿಂದ ಮುಚ್ಚಿಹಾಕಿರುತ್ತದೆ. ನಾನು ಕೀಬೋರ್ಡಿನ ಕ್ಯಾಪ್ಸ್ ಲಾಕ್ ನೋಡುತ್ತಿದ್ದೆ.

ಪರಿಹಾರ ಸಣ್ಣದು. ಕಂಟೇನರ್‌ನ ಒಳಗಿನಿಂದ ಪಿಎಸ್‌ಕ್ಯೂಎಲ್ ತೆರೆದರೆ ಅಲ್ಲಿ ಪಾಸ್‌ವರ್ಡ್ ಕೇಳುವುದಿಲ್ಲ. ಹಿಂಬದಿ ಓರೆಗೆರೆ, ಪಾಸ್‌ವರ್ಡ್, ಬಳಕೆದಾರನ ಹೆಸರು ಎಂದು ಹೊಡೆದು ಅದೇ ಪಾಸ್‌ವರ್ಡನ್ನು ಮತ್ತೊಮ್ಮೆ ಕೊಡಿ. ಈ ಸಲ ಅದು ಸ್ಕ್ರಾಮ್ ರೂಪದಲ್ಲಿ ಕೂರುತ್ತದೆ. ಎಲ್ಲ ಬಳಕೆದಾರರಿಗೂ ಹೀಗೆ ಮಾಡಿ. ನೆಕ್ಸ್ಟ್‌ಕ್ಲೌಡ್ ಯಾವ ಹೆಸರು, ಯಾವ ಪಾಸ್‌ವರ್ಡ್ ಬಳಸುತ್ತಿದೆ ಎಂಬುದು ಅದರ ಕಾನ್ಫಿಗ್ ಪಿಎಚ್‌ಪಿ ಕಡತದಲ್ಲಿರುತ್ತದೆ. ನೀವು ಕೊಟ್ಟ ಹೆಸರೇ ಇರಬೇಕೆಂದಿಲ್ಲ, ‘ಓಸಿ’ ಎಂದು ಶುರುವಾಗುವ ಹೆಸರನ್ನು ಅದು ತಾನೇ ಹುಟ್ಟಿಸಿಕೊಂಡಿರಬಹುದು.

ತಿರುಗಿಸುವುದು, ಮತ್ತು ಹಿಂದಕ್ಕೆ ಬರುವ ದಾರಿ

ಈಗ ಅಪ್ಲಿಕೇಶನ್‌ಗಳಿಗೆ ಡಿಬಿ ಬದಲು ಡಿಬಿ17 ತೋರಿಸಬೇಕು. ನೆಕ್ಸ್ಟ್‌ಕ್ಲೌಡ್‌ಗೆ ಕಾಂಪೋಸ್ ಫೈಲಿನಲ್ಲಿ ಬದಲಿಸಿದರೆ ಸಾಲದು. ಅಲ್ಲಿನ ಮೌಲ್ಯಗಳು ಮೊದಲ ಸಲ ಸ್ಥಾಪಿಸುವಾಗ ಮಾತ್ರ ಲೆಕ್ಕಕ್ಕೆ ಬರುತ್ತವೆ. ಬದಲಾಗಬೇಕಾದ್ದು ಅದೇ ಕಾನ್ಫಿಗ್ ಪಿಎಚ್‌ಪಿಯೊಳಗಿನ ಡಿಬಿಹೋಸ್ಟ್. ಬದಲಿಸಿ, ಹಳೆಯ ಡೇಟಾಬೇಸ್ ಕಂಟೇನರನ್ನು ನಿಲ್ಲಿಸಿ, ಆಮೇಲೆ ಅಪ್ಲಿಕೇಶನ್ ಎಬ್ಬಿಸಿ. ಈ ಕ್ರಮ ಮುಖ್ಯ. ಹಳೆಯದು ಎಚ್ಚರವಾಗಿದ್ದರೆ, ಎಲ್ಲೋ ಒಂದು ಕಡೆ ಬದಲಿಸಲು ಮರೆತದ್ದು ಸದ್ದಿಲ್ಲದೆ ಅದಕ್ಕೇ ಬರೆಯುತ್ತಿರುತ್ತದೆ. ನಿಂತಿದ್ದರೆ ಕೂಡಲೇ ಕಿರುಚುತ್ತದೆ. ಹಳೆಯದರ ರೀಸ್ಟಾರ್ಟ್ ನೀತಿಯನ್ನು ‘ನೋ’ ಎಂದು ಬದಲಿಸಿ, ಇಲ್ಲದಿದ್ದರೆ ಮುಂದಿನ ಸಲ ಕರೆಂಟು ಹೋಗಿ ಬಂದಾಗ ಅದೂ ಎದ್ದು ಕೂರಬಹುದು. ಮೇಂಟೆನೆನ್ಸ್ ತೆಗೆದು ಒಂದು ಫೋಟೋ ಏರಿಸಿ ನೋಡಿ.

ಹಿಂದಕ್ಕೆ ಬರುವುದು ಸುಲಭವಾಗಿರುವುದು ಹೊಸದರಲ್ಲಿ ಯಾರೂ ಏನೂ ಬರೆಯದಿರುವವರೆಗೆ ಮಾತ್ರ. ಆ ಸಂಜೆ ಅಪ್ಪಯ್ಯ ಎರಡು ಚೀಲ ಗೊರಬಲು ಅಡಿಕೆಯ ಲೆಕ್ಕ ಹತ್ತಿಸಿದರು, ಎಣಿಕೆ 11,483 ಆಯಿತು. ಅಲ್ಲಿಂದಾಚೆಗೆ ಹಳೆಯದಕ್ಕೆ ಮರಳಿದರೆ ಆ ಗೊರಬಲು ಕಳೆಯುತ್ತದೆ. ಹಾಗಾಗಿ ಮನೆಯವರಿಗೆ ಬಿಟ್ಟುಕೊಡುವ ಮೊದಲು ನಿಮ್ಮ ಅನುಮಾನಗಳನ್ನೆಲ್ಲ ಮುಗಿಸಿಕೊಳ್ಳಿ.

ಡೆಬಿಯನ್, ಉಬುಂಟುವಿನಲ್ಲಿ ನೇರವಾಗಿ ಇದ್ದರೆ

ಡೆಬಿಯನ್ 12ರ ಜೊತೆ ಬರುವುದು ಪೋಸ್ಟ್‌ಗ್ರೆಸ್ 15, ಡೆಬಿಯನ್ 13ರ ಜೊತೆ 17. ಡೆಬಿಯನ್ ಹೊಸದಾದರೂ ನಿಮ್ಮ ಡೇಟಾ 15ರಲ್ಲೇ ಉಳಿದಿರುತ್ತದೆ; ಪಕ್ಕದಲ್ಲಿ ಖಾಲಿ 17 ಇನ್ನೊಂದು ಪೋರ್ಟ್‌ನಲ್ಲಿ, ಸಾಮಾನ್ಯವಾಗಿ 5433ರಲ್ಲಿ, ಎದ್ದಿರುತ್ತದೆ. ‘ಪಿಜಿ ಎಲ್‌ಎಸ್‌ಕ್ಲಸ್ಟರ್ಸ್’ ಎರಡನ್ನೂ ತೋರಿಸುತ್ತದೆ. ಇದರಲ್ಲೂ ಮುಂದಿನ ಎರಡರಲ್ಲೂ ಪಿಜಿ ಆದ ಮೇಲಿನದು ಒಂದೇ ಪದ. ಖಾಲಿ 17ನ್ನು ‘ಪಿಜಿ ಡ್ರಾಪ್‌ಕ್ಲಸ್ಟರ್’ನಿಂದ ತೆಗೆದು, ‘ಪಿಜಿ ಅಪ್‌ಗ್ರೇಡ್‌ಕ್ಲಸ್ಟರ್ 15 ಮೇನ್’ ಎಂದರೆ ಅದು ಡಂಪ್, ತುಂಬುವಿಕೆ, ಪೋರ್ಟ್ ಅದಲುಬದಲು ಎಲ್ಲವನ್ನೂ ತಾನೇ ಮಾಡುತ್ತದೆ. ಚೆನ್ನಾದ ಸಾಧನ. ಆದರೆ ಡ್ರಾಪ್ ಕಮಾಂಡಿನಲ್ಲಿ 17 ಎನ್ನುವ ಕಡೆ ಬೆರಳು ತಪ್ಪಿ 15 ಎಂದು ಹೊಡೆದರೆ ಹೋಗುವುದು ನಿಮ್ಮ ನಿಜವಾದ ಡೇಟಾ. ಅದಕ್ಕೆ ಮೊದಲೂ ಒಂದು ಡಂಪ್ ತೆಗೆದಿಡಿ, ಎಂಟರ್ ಒತ್ತುವ ಮುಂಚೆ ಅಂಕಿಯನ್ನು ಗಟ್ಟಿಯಾಗಿ ಓದಿ.

ಪೋಸ್ಟ್‌ಗ್ರೆಸ್ ಬದಲು ಮಾರಿಯಾಡಿಬಿ ಎಂಬ ಡೇಟಾಬೇಸ್ ಇದ್ದವರ ಕಥೆ ಬೇರೆ. ಅದು ಹಳೆಯ ಫೋಲ್ಡರನ್ನೇ ತೆರೆದು, ‘ಮಾರಿಯಾಡಿಬಿ ಅಪ್‌ಗ್ರೇಡ್’ ಓಡಿಸಿದಾಗ ಒಳಗಿನ ಟೇಬಲ್‌ಗಳನ್ನು ಹೊಸದಕ್ಕೆ ತರುತ್ತದೆ. ಸುಲಭ, ಆದರೆ ಮುಂದೆ ಹೋದ ಫೋಲ್ಡರ್ ಹಿಂದಕ್ಕೆ ಬರುವುದನ್ನು ನಂಬುವಂತಿಲ್ಲ. ಅಲ್ಲೂ ಮೊದಲ ಕೆಲಸ ಡಂಪ್.

ಮರೆಯುವ ಕೆಲಸ

ರಾತ್ರಿಯ ಬ್ಯಾಕಪ್. ಕ್ರಾನ್‌ನಲ್ಲಿ ಎಂದೋ ಬರೆದಿಟ್ಟ ಸ್ಕ್ರಿಪ್ಟ್ ಹಳೆಯ ಕಂಟೇನರ್‌ನ ಹೆಸರನ್ನು, ಇಲ್ಲವೇ ಲಿನಕ್ಸ್‌ನಲ್ಲಿರುವ ಹಳೆಯ ಪಿಜಿ ಡಂಪನ್ನು ಕರೆಯುತ್ತಿರುತ್ತದೆ. ಹಳೆಯ ಪಿಜಿ ಡಂಪ್ ತನಗಿಂತ ಹೊಸ ಸರ್ವರ್ ಕಂಡರೆ ಆವೃತ್ತಿ ಹೊಂದುವುದಿಲ್ಲ ಎಂದು ನಿಂತುಬಿಡುತ್ತದೆ. ಸ್ಕ್ರಿಪ್ಟ್ ಅದನ್ನು ಗಮನಿಸದೆ ಸೊನ್ನೆ ಗಾತ್ರದ ಕಡತಕ್ಕೆ ಆ ದಿನದ ತಾರೀಖು ಅಂಟಿಸಿ ಜೋಡಿಸಿಡುತ್ತದೆ. ನನ್ನದರಲ್ಲಿ ಅಂಥ ಮೂರು ಕಡತಗಳು ಸೇರಿದ ಮೇಲೆ ಕಣ್ಣಿಗೆ ಬಿತ್ತು. ಈಗ ಡಿಬಿ17 ಒಳಗಿನ ಪಿಜಿ ಡಂಪನ್ನೇ ಕರೆಯುವಂತೆ ತಿದ್ದಿದ್ದೇನೆ, ಕಡತ ಹಿಂದಿನ ದಿನದ ಅರ್ಧಕ್ಕಿಂತ ಚಿಕ್ಕದಾದರೆ ಮೊಬೈಲ್‌ಗೆ ಸಂದೇಶ ಬರುತ್ತದೆ.

ಹಳೆಯ ಡೇಟಾ ಫೋಲ್ಡರ್ ಇನ್ನೂ ಅಲ್ಲೇ ಇದೆ. ಅದರ ಹೆಸರಿನ ಮುಂದೆ ‘ಹಳೆಯದು, 13’ ಎಂದು ಸೇರಿಸಿದ್ದೇನೆ. ಯುಗಾದಿ ಕಳೆದು, ಬ್ಯಾಕಪ್‌ನಿಂದ ಒಮ್ಮೆ ಪೂರ್ತಿ ತುಂಬಿ ನೋಡಿದ ಮೇಲೆ ಅಳಿಸುತ್ತೇನೆ.